ಸೋರಲೆಂದೇ ಇಟ್ಟ ತೂತು

ಮುರ್ಗಾಬಿನಲ್ಲಿ ನೀರು ಬೇಗ ಕುದಿಯುತ್ತದೆ,
ಆಲೂಗಡ್ಡೆ ಮಾತ್ರ ಬೇಯುವುದಿಲ್ಲ.
ಅಷ್ಟು ಎತ್ತರದ ಊರು ನಮ್ಮದು.
ಪ್ರವಾಸಿಗರಿಗೆ ಪ್ರತಿ ಸಲ ಇದನ್ನು ಹೇಳುತ್ತೇನೆ,
ಪ್ರತಿ ಸಲ ನಗುತ್ತಾರೆ.
ಈ ಸಲ ಅಕ್‌ಬೈತಾಲ್ ಘಾಟಿಯ ಏರಿನಲ್ಲಿ
ನನ್ನ ಪಜೇರೋ ಕುದಿಯಿತು.
ಯಾರೂ ನಗಲಿಲ್ಲ.

ಹಡಗಿನಿಂದಿಳಿದ ಕಬ್ಬಿಣದ ಡಬ್ಬವೊಂದು
ಸಮುದ್ರವೇ ಇಲ್ಲದ ಈ ಊರಲ್ಲಿ
ಬುರುಲ್‌ಳ ಗ್ಯಾರೇಜು.
ಬಾನೆಟ್ ಎತ್ತಿ ಕೇಳಿದಳು: ಎಷ್ಟು ದಿನದಿಂದ?
ನಿನ್ನೆಯಿಂದ, ಎಂದೆ.
ರೇಡಿಯೇಟರಿನ ಅಂಚಲ್ಲಿ ಪದರಗಟ್ಟಿದ ಹಸಿರು ಉಪ್ಪನ್ನು
ಉಗುರಲ್ಲಿ ಕೆರೆದು ನನ್ನ ಮೂಗಿನ ಮುಂದೆ ಹಿಡಿದಳು.
ಹೋದ ಬೇಸಿಗೆಯಿಂದ, ಎಂದೆ.

ಮೇಲಿನ ಹೋಸಿನ ಕ್ಲಿಪ್ಪು ಸಡಿಲ. ಬಿಗಿದಳು.
ಹೀಟರಿನ ಪೈಪು ಮೊಣಕೈಯಲ್ಲಿ ಸೀಳಿತ್ತು.
ಕತ್ತರಿಸಿ, ಮುಂದಕ್ಕೆಳೆದು ಕೂರಿಸಿದಳು.
ಆದರೂ ಎಲ್ಲಿಂದಲೋ ಒಂದು ಹನಿ
ಬೆಲ್ಟಿನ ಹಿಂದೆ, ಬೆಳಕು ಮುಟ್ಟದಲ್ಲಿ,
ನನ್ನ ಸುಳ್ಳಿನ ಹಾಗೆ ತೊಟ್ಟಿಕ್ಕುತ್ತಲೇ ಇತ್ತು.

ಉಳಿದ ಕೂಲೆಂಟನ್ನು ಬೋಗುಣಿಗೆ ಬಸಿದು
ಮೊದಲು ಹಲಗೆ ಮುಚ್ಚಿದಳು, ಆಮೇಲೆ ಮಾತು.
ಸಿಹಿ ಇರುತ್ತದೆ ಇದು,
ನಾಯಿ ನೆಕ್ಕಿದರೆ ಮತ್ತೆ ಏಳುವುದಿಲ್ಲ.
ನಾಯಿ ನನ್ನನ್ನು ನೋಡಿತು.

ಫ್ಯಾನು, ಬೆಲ್ಟು, ಪುಲ್ಲಿ.
ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು
ಬಿಚ್ಚಿದ ಒಂದೊಂದು ಬೋಲ್ಟನ್ನೂ
ಅದರದರ ಜಾಗದಲ್ಲೇ ಚುಚ್ಚಿಟ್ಟಳು.
ಗಿಡ್ಡನ ಜಾಗಕ್ಕೆ ಉದ್ದನೆಯವನು ಹೋದರೆ
ಬ್ಲಾಕು ಒಡೆಯುತ್ತದಂತೆ.
ಪಂಪು ಕೈಗೆ ಬಂತು. ತಿರುಗಿಸಿದರೆ ಗರಗರ,
ಹಲ್ಲಿಲ್ಲದ ಬಾಯಲ್ಲಿ ಮರಳು ಜಗಿದ ಹಾಗೆ.
ಆಮೇಲೆ ಅವಳ ಹೆಬ್ಬೆರಳು
ಕೆಳಗೊಂದು ಬೂದು ಗಂಟಿನ ಮೇಲೆ ನಿಂತಿತು.

ಇದೇನು?

ಹೋದ ಜುಲೈ. ಇಬ್ಬರು ಡಚ್ಚರು.
ಗಾಡಿ ಕೆಳಗಿನ ಹಸಿರು ಚುಕ್ಕೆಗಳ ಫೋಟೋ ತೆಗೆದು
ದಾರಿ ಮಧ್ಯೆ ಕೆಡುತ್ತದೆಯೇ, ಎಂದರು.
ರಾತ್ರಿ ಟಾರ್ಚು ಬಾಯಲ್ಲಿ ಕಚ್ಚಿ
ಕಪ್ಪು ಬಿಳಿ ಎರಡು ಅಂಟು ಸೇರಿಸಿ
ಹಿಟ್ಟಿನಂತೆ ನಾದಿ, ತೂತಿಗೆ ತುರುಕಿದೆ.
ಬೆಳಗ್ಗೆ ನೆಲ ಒಣಗಿತ್ತು.
ಹತ್ತು ಡಾಲರ್ ಭಕ್ಷೀಸು ಕೊಟ್ಟರು.

ಬುರುಲ್ ಬೈಯಲಿಲ್ಲ. ಬೈದಿದ್ದರೆ ಚೆನ್ನಿತ್ತು.
ಅದು ಸೋರಲೆಂದೇ ಕೊರೆದಿಟ್ಟ ತೂತು, ಎಂದಳು,
ಒಳಗಿನ ಸೀಲು ಸತ್ತರೆ ಇಲ್ಲಿ ಒಂದು ಹನಿ,
ಬೇರಿಂಗು ಸಾಯುವ ಮೊದಲು ನಿನಗೆ ತಿಳಿಯಲಿ ಅಂತ.
ಸದ್ದಾದರೂ ಬಂದಿರಬೇಕಲ್ಲ?

ಬಂದಿತ್ತು.
ಕ್ಯಾಸೆಟ್ಟಿನ ದನಿ ಜೋರು ಮಾಡಿದ್ದೆ.

ಹೊಸ ಪಂಪಿಗೆ ಆರು ದಿನ.
ಓಶ್‌ನಿಂದ, ಮದುವೆ ಮುಗಿಸಿ ಬರುವ ಅಜ್ಜಿಯೊಬ್ಬಳ ಮಡಿಲಲ್ಲಿ,
ಕೌದಿಯಲ್ಲಿ ಸುತ್ತಿಸಿಕೊಂಡು ಬಂತು.
ಗಡಿಯ ಕಾವಲಿನವನು ಮಗುವೇ ಎಂದು ಕೇಳಿದನಂತೆ.
ತೂಕ ನೋಡು, ಎಂದು ಕೊಟ್ಟಳಂತೆ.

ಹಳೆಯ ಗ್ಯಾಸ್ಕೆಟ್ಟು ಕೆರೆಯುವ ಕೆಲಸ ನನಗೆ ಕೊಟ್ಟಳು.
ಅರ್ಧ ದಿನ, ಬ್ಲೇಡು, ಸೀಮೆಎಣ್ಣೆ.
ಇನ್ನೂ, ಎಂದಳು. ಇನ್ನೂ.
ಕೈ ಸೇದಿ ಹೋಗುವ ಹೊತ್ತಿಗೆ
ಲೋಹದಲ್ಲಿ ನನ್ನ ಗಡ್ಡ ಮಸುಕಾಗಿ ಕಂಡಿತು.

ಮುಚ್ಚಳ ತೆಗೆದು, ಹೀಟರು ಪೂರ್ತಿ ತಿರುಗಿಸಿ
ಎಂಜಿನ್ನು ನಿಧಾನ ಓಡಲು ಬಿಟ್ಟೆವು.
ಅವಳು ಹೋಸನ್ನು ಹಿಂಡುತ್ತಿದ್ದಳು,
ಹಸುವಿನ ಮೊಲೆಯನ್ನಲ್ಲ, ಹಟಮಾರಿ ಯಾಕಿನದನ್ನು ಹಿಂಡುವಂತೆ.
ಗುಳುಕ್, ಎಂದಿತು. ಮತ್ತೆ ಗುಳುಕ್.
ಒಳಗೆ ಸಿಕ್ಕಿಕೊಂಡಿದ್ದ ಗಾಳಿಯೆಲ್ಲ
ಒಂದೊಂದೇ ಗುಳ್ಳೆಯಾಗಿ ಮೇಲೆ ಬಂತು.
ಮುಳ್ಳು ನಡುವಿಗೆ ಏರಿ, ಅಲ್ಲೇ ಕೂತಿತು.

ಈಗ ದಿನಾ ಬೆಳಗ್ಗೆ, ಪ್ರವಾಸಿಗರು ಏಳುವ ಮುಂಚೆ,
ಅಂಗಾತ ಮಲಗಿ ಆ ತೂತಿಗೆ ಬೆರಳಿಡುತ್ತೇನೆ.
ಒಣಗಿರುತ್ತದೆ.
ಮೊನ್ನೆ ಮಾತ್ರ ನೆಲದ ಮೇಲೊಂದು ಒದ್ದೆ ಚುಕ್ಕೆ.
ಎದೆ ಧಸಕ್ಕೆಂದಿತು. ಮುಟ್ಟಿದೆ. ಮೂಸಿದೆ.

ನಾಯಿಯದು.
ಚಕ್ರದ ಮೇಲೂ ಇತ್ತು.